ಓಟ್ಸ್ ಗಂಜಿ ಲೋಳೆಯಾಗದೆ ಕೆನೆಯಂತೆ ಬರಬೇಕಾದರೆ

ಪ್ರಶ್ನೆ: ಆರು ತಿಂಗಳಿಂದ ಬೆಳಗಿನ ತಿಂಡಿಗೆ ಮನೆಯಲ್ಲಿ ಓಟ್ಸ್ ಗಂಜಿ ಮಾಡುತ್ತಿದ್ದೇನೆ. ಹೋಟೆಲೊಂದರಲ್ಲಿ ತಿಂದದ್ದು ಕೆನೆಯಂತೆ ನುಣುಪಾಗಿತ್ತು. ನಾನು ಮಾಡಿದ್ದು ಒಂದು ದಿನ ಲೋಳೆಯಾದರೆ ಇನ್ನೊಂದು ದಿನ ಗಟ್ಟಿ ಮುದ್ದೆಯಾಗುತ್ತದೆ. ಪೂರ್ತಿ ಹಾಲಿನಲ್ಲೇ ಬೇಯಿಸಿದೆ, ತಳ ಹಿಡಿಯಿತು. ಮಿಕ್ಸಿಯಲ್ಲಿ ಪುಡಿ ಮಾಡಿ ಹಾಕಿದೆ, ಅಂಟಿನಂತಾಯಿತು. ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಅವರಿಗೂ ಇದನ್ನು ಕೊಡಬಹುದೇ ಎಂಬುದನ್ನೂ ತಿಳಿಸಿ.
— ದಾವಣಗೆರೆಯ ಓದುಗರೊಬ್ಬರು

ಉತ್ತರ: ನೀವು ಮಾಡಿ ನೋಡಿದ್ದನ್ನೆಲ್ಲ ಒಂದೊಂದಾಗಿ ಬರೆದಿರುವುದರಿಂದ ನನ್ನ ಕೆಲಸ ಸುಲಭವಾಗಿದೆ. ಪೂರ್ತಿ ಹಾಲು ಹಾಕಿದ್ದಾಗಲಿ, ಮಿಕ್ಸಿಗೆ ಹಾಕಿ ಪುಡಿ ಮಾಡಿದ್ದಾಗಲಿ, ಕೆನೆಯಂಥ ಹದವನ್ನು ಹೊರಗಿನಿಂದ ತಂದು ಸೇರಿಸಬೇಕು ಅಥವಾ ಬಲವಂತವಾಗಿ ಹೊರಡಿಸಬೇಕು ಎಂಬ ನಂಬಿಕೆಯಿಂದ ಮಾಡಿದ ಕೆಲಸಗಳು. ಹೋಟೆಲಿನವರು ಕೊನೆಯಲ್ಲಿ ಒಂದಿಷ್ಟು ಕ್ರೀಮನ್ನೋ ಬೆಣ್ಣೆಯನ್ನೋ ಸೇರಿಸಿರಲೂಬಹುದು. ಆದರೆ ಅದಿಲ್ಲದೆಯೂ ಗಂಜಿ ಕೆನೆಯಂತೆ ಬರುತ್ತದೆ, ಏಕೆಂದರೆ ಆ ಕೆನೆ ಓಟ್ಸಿನ ಒಳಗೇ ಇದೆ. ಸ್ಕಾಟ್ಲೆಂಡಿನ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ‘ಗೋಲ್ಡನ್ ಸ್ಪರ್ಟಲ್’ ಎಂಬ ಹೆಸರಿನ ಓಟ್ಸ್ ಗಂಜಿಯ ಸ್ಪರ್ಧೆ ನಡೆಯುತ್ತ ಬಂದಿದೆ. ಅದರ ಮುಖ್ಯ ವಿಭಾಗದಲ್ಲಿ ಸ್ಪರ್ಧಿಗಳು ಬಳಸಬಹುದಾದದ್ದು ಮೂರೇ ವಸ್ತು: ಓಟ್ಸ್ ನುಚ್ಚು ಅಥವಾ ತರಿ, ನೀರು ಮತ್ತು ಉಪ್ಪು. ಹಾಲಿನ ಹನಿಯೂ ಇಲ್ಲದ ಆ ಗಂಜಿಯನ್ನು ತೀರ್ಪುಗಾರರು ನುಣುಪನ್ನೂ ಹದವನ್ನೂ ನೋಡಿ ಅಳೆಯುತ್ತಾರೆ ಎಂದ ಮೇಲೆ, ನಮ್ಮ ಒಲೆಯ ಮೇಲೂ ನೀರಿನ ಅಳತೆ, ಉರಿ ಮತ್ತು ಕೈಯ ಹದ ಇವಿಷ್ಟನ್ನು ಸರಿಪಡಿಸಿಕೊಂಡರೆ ಹೆಚ್ಚಿನ ಕೆಲಸ ಆದಂತೆಯೇ.

ಮೊದಲು ಪಾತ್ರೆಯೊಳಗೆ ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಆಗ ಮುಂದಿನ ಪ್ರತಿಯೊಂದು ಸಲಹೆಗೂ ಕಾರಣ ತಾನಾಗಿಯೇ ಗೊತ್ತಾಗುತ್ತದೆ. ಓಟ್ಸಿನಲ್ಲಿ ಗಂಜಿಯನ್ನು ಮಂದವಾಗಿಸುವ ವಸ್ತುಗಳು ಎರಡು. ಒಂದು ಪಿಷ್ಟ, ಕಾಳಿನ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅದೇ. ಓಟ್ಸಿನ ಪಿಷ್ಟದ ಕಣಗಳು ಗೋಧಿಯ ದೊಡ್ಡ ಕಣಗಳಿಗೆ ಹೋಲಿಸಿದರೆ ಬಹಳ ಸಣ್ಣವು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅವು ನೀರು ಕುಡಿದು ಉಬ್ಬಲು ತೊಡಗುತ್ತವೆ, ಸಣ್ಣವಾಗಿರುವುದರಿಂದ ನಾಲಗೆಗೆ ತರಿತರಿಯಾಗದೆ ನುಣುಪಾಗಿ ಸಿಗುತ್ತವೆ. ಇನ್ನೊಂದು ಬೀಟಾ ಗ್ಲುಕಾನ್ ಎಂಬ, ನೀರಿನಲ್ಲಿ ಕರಗುವ ನಾರಿನಂಶ. ಇದು ಕಾಳಿನ ಜೀವಕೋಶಗಳ ಗೋಡೆಯಲ್ಲಿ ಕುಳಿತಿದ್ದು, ಬಿಸಿನೀರು ತಾಕಿದಂತೆ ನಿಧಾನವಾಗಿ ಕರಗಿ ಹೊರಬಂದು ನೀರಿಗೆ ಮಂದತೆ ಕೊಡುತ್ತದೆ. ಬೆಂಡೆಕಾಯಿ ಹೆಚ್ಚಿದಾಗ ಕೈಗೆ ಅಂಟುವ ಲೋಳೆಯೂ ಇದಕ್ಕೆ ಹತ್ತಿರದ ಸ್ವಭಾವದ್ದೇ. ಸಾಕಷ್ಟು ನೀರಿನಲ್ಲಿ, ಸಣ್ಣ ಉರಿಯಲ್ಲಿ ಇವೆರಡೂ ನಿಧಾನವಾಗಿ ಬಿಟ್ಟುಕೊಂಡರೆ ಅದನ್ನು ನಾವು ಕೆನೆ ಎನ್ನುತ್ತೇವೆ. ಕಡಿಮೆ ನೀರಿನಲ್ಲಿ, ಚೂರುಚೂರಾದ ಕಾಳಿನಿಂದ ಒಮ್ಮೆಲೇ ಹೊರಬಿದ್ದರೆ ಅದೇ ಲೋಳೆ, ಅದೇ ಅಂಟು. ನೀವು ಮಿಕ್ಸಿಯಲ್ಲಿ ಪುಡಿ ಮಾಡಿದಾಗ ಆದದ್ದು ಇದೇ: ಜೀವಕೋಶಗಳ ಗೋಡೆಗಳೆಲ್ಲ ಮೊದಲೇ ಒಡೆದುಹೋದದ್ದರಿಂದ ಕುದಿಯುವ ನೀರಿಗೆ ಬಿದ್ದ ಒಂದೆರಡು ನಿಮಿಷದಲ್ಲೇ ಇರುವುದೆಲ್ಲ ಹೊರಬಂದು ಗೋಂದಿನಂತಾಯಿತು. ಸ್ವಲ್ಪ ಪುಡಿ ಬಳಸಿದರೆ ತಪ್ಪೇನಿಲ್ಲ. ನಾಲ್ಕು ಚಮಚ ಓಟ್ಸಿಗೆ ಒಂದು ಚಮಚ ಪುಡಿ ಬೆರೆತರೆ ಗಂಜಿ ಬೇಗ ಮಂದವಾಗುತ್ತದೆ, ಉಳಿದ ಕಾಳು ಬಾಯಿಗೆ ಸಿಗುತ್ತದೆ. ಪೂರ್ತಿ ಪುಡಿಯಾದದ್ದರಿಂದ ಮಾತ್ರ ಒಳ್ಳೆಯ ಗಂಜಿ ಬಂದದ್ದನ್ನು ನಾನು ನೋಡಿಲ್ಲ.

ಎರಡನೆಯ ವಿಷಯ, ಯಾವ ಓಟ್ಸ್ ತಂದಿದ್ದೀರಿ ಎಂಬುದು. ನಿಮ್ಮ ಪತ್ರದಲ್ಲಿ ಅದನ್ನು ಬರೆದಿಲ್ಲ, ಆದರೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕ್ವಿಕ್ ಅಥವಾ ಇನ್‌ಸ್ಟೆಂಟ್ ಓಟ್ಸ್ ಆಗಿರುವುದರಿಂದ ನಿಮ್ಮ ಡಬ್ಬಿಯಲ್ಲಿರುವುದೂ ಅದೇ ಇರಬಹುದೆಂದು ಭಾವಿಸುತ್ತೇನೆ. ಕಾಳಿನ ಹೊರಸಿಪ್ಪೆ ತೆಗೆದ ಮೇಲೆ ಅದನ್ನು ಉಕ್ಕಿನ ಬ್ಲೇಡಿನಿಂದ ಎರಡು ಮೂರು ತುಂಡಾಗಿ ಕತ್ತರಿಸಿದರೆ ಸ್ಟೀಲ್ ಕಟ್ ಓಟ್ಸ್, ಅಂದರೆ ನಮ್ಮ ಗೋಧಿ ನುಚ್ಚಿನಂತೆ ಓಟ್ಸಿನ ನುಚ್ಚು. ಇಡೀ ಕಾಳನ್ನು ಹಬೆಯಲ್ಲಿ ಮೆತ್ತಗಾಗಿಸಿ ರೋಲರುಗಳ ನಡುವೆ ಅವಲಕ್ಕಿಯಂತೆ ಒತ್ತಿದರೆ ರೋಲ್ಡ್ ಓಟ್ಸ್. ಕತ್ತರಿಸಿದ ತುಂಡುಗಳನ್ನು ಇನ್ನೂ ತೆಳುವಾಗಿ ಒತ್ತಿದರೆ ಕ್ವಿಕ್ ಓಟ್ಸ್. ಅಮೆರಿಕದ ಕ್ವೇಕರ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1922ರಲ್ಲಿ. ಗಟ್ಟಿ ಅವಲಕ್ಕಿಗೂ ಪೇಪರ್ ಅವಲಕ್ಕಿಗೂ ಇರುವ ವ್ಯತ್ಯಾಸವನ್ನು ನೆನೆದರೆ ಸಾಕು. ಪೇಪರ್ ಅವಲಕ್ಕಿಯನ್ನು ನೀರಿನಲ್ಲಿ ಬಿಟ್ಟರೆ ಏನಾಗುತ್ತದೋ ಕ್ವಿಕ್ ಓಟ್ಸನ್ನು ಹತ್ತು ನಿಮಿಷ ಬೇಯಿಸಿದರೆ ಅದೇ ಆಗುತ್ತದೆ. ಅಂಗೈ ಮೇಲೆ ಒಂದಿಷ್ಟು ಹರಡಿಕೊಂಡು ನೋಡಿ: ಒಂದೊಂದು ಎಸಳೂ ಇಡಿಯಾಗಿ ಅಂಡಾಕಾರದಲ್ಲಿದ್ದು, ನಡುವೆ ಉದ್ದಕ್ಕೆ ಗೆರೆ ಕಾಣುತ್ತಿದ್ದು, ಬೆರಳುಗಳ ನಡುವೆ ಒತ್ತಿದರೆ ಸುಲಭವಾಗಿ ಪುಡಿಯಾಗದಿದ್ದರೆ ಅದು ರೋಲ್ಡ್ ಓಟ್ಸ್. ಚೂರುಚೂರಾಗಿದ್ದು, ಡಬ್ಬಿಯ ತಳದಲ್ಲಿ ಬಿಳಿ ಹುಡಿ ಕೂತಿದ್ದರೆ ಕ್ವಿಕ್. ಕೆನೆಯಂಥ ಗಂಜಿಗೆ ನನ್ನ ಆಯ್ಕೆ ರೋಲ್ಡ್ ಓಟ್ಸ್. ಸಮಯವಿದ್ದ ದಿನ ಸ್ಟೀಲ್ ಕಟ್ ಅದಕ್ಕಿಂತಲೂ ಮೇಲು. ಕ್ವಿಕ್ ಓಟ್ಸ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ಮುಂದೆ ಹೇಳುವ ಕ್ರಮದಲ್ಲೇ ಮಾಡಿ, ಆದರೆ ಕುದಿ ಬಂದ ಮೇಲೆ ಮೂರು ನಿಮಿಷಕ್ಕಿಂತ ಹೆಚ್ಚು ಒಲೆಯ ಮೇಲೆ ಬಿಡಬೇಡಿ. ಮಸಾಲಾ ಓಟ್ಸ್ ಪೊಟ್ಟಣಗಳಲ್ಲಿ ಉಪ್ಪು ಮತ್ತು ಇತರ ಸೇರಿಕೆಗಳು ಮೊದಲೇ ಇರುವುದರಿಂದ ಅವುಗಳ ಮಾತು ಬೇರೆ. ಅವನ್ನು ಈ ಗಂಜಿಗೆ ಬಳಸುವಂತಿಲ್ಲ.

ಇನ್ನು ಅಳತೆ. ಗಂಜಿ ಒಂದು ದಿನ ಲೋಳೆ, ಇನ್ನೊಂದು ದಿನ ಮುದ್ದೆ ಆಗುತ್ತಿದೆ ಎಂದರೆ ಅಳತೆ ದಿನದಿಂದ ದಿನಕ್ಕೆ ಬದಲಾಗುತ್ತಿದೆ ಎಂದೇ ಅರ್ಥ. ಒಬ್ಬರಿಗೆ 40 ಗ್ರಾಂ ರೋಲ್ಡ್ ಓಟ್ಸ್ ಸಾಕು. 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಲೋಟದಲ್ಲಿ ಅದು ಸುಮಾರು ಅರ್ಧ ಲೋಟ. ಅದೇ ಲೋಟದಲ್ಲಿ ಒಂದು ಲೋಟ ನೀರು, ಅರ್ಧ ಲೋಟ ಹಾಲು. ಅಂದರೆ ಓಟ್ಸಿನ ಮೂರು ಪಾಲು ದ್ರವ. ಪೊಟ್ಟಣದ ಮೇಲೆ ಒಂದಕ್ಕೆ ಎರಡು ಎಂದು ಬರೆದಿದ್ದರೆ ಅದು ಚಮಚ ನಿಲ್ಲುವಷ್ಟು ಗಟ್ಟಿಯಾದ ಗಂಜಿಯ ಅಳತೆ. ಅಕ್ಕಿಗೆ ನೀರಿಡುವಾಗ ಹೇಗೆ ಒಂದೇ ಪಾವಿನಲ್ಲಿ ಎರಡನ್ನೂ ಅಳೆಯುತ್ತೇವೋ ಹಾಗೆ ಓಟ್ಸಿಗೂ ಅಳೆಯುವ ಲೋಟ ಒಂದೇ ಆಗಿರಲಿ. ಮೊದಲ ಒಂದು ವಾರವಾದರೂ ಕಣ್ಣಂದಾಜಿನಲ್ಲಿ ಹಾಕದೆ ಅಳೆದೇ ಹಾಕಬೇಕೆಂದು ನಿಮ್ಮನ್ನು ಒತ್ತಾಯಿಸುತ್ತೇನೆ.

ಈಗ ಒಲೆಯ ಮೇಲಿನ ಕೆಲಸ. ತಳ ದಪ್ಪಗಿರುವ, ಸ್ವಲ್ಪ ಅಗಲವಾದ ಪಾತ್ರೆ ತೆಗೆದುಕೊಂಡು ಅದರಲ್ಲಿ ಓಟ್ಸನ್ನೂ ತಣ್ಣೀರನ್ನೂ ಒಟ್ಟಿಗೆ ಹಾಕಿ. ನೀರು ಕುದಿಸಿ ಆಮೇಲೆ ಓಟ್ಸ್ ಸುರಿಯುವುದು ಹೆಚ್ಚಿನ ಮನೆಗಳ ರೂಢಿ. ಕುದಿಯುವ ನೀರಿಗೆ ಬಿದ್ದ ಎಸಳುಗಳ ಮೇಲ್ಮೈ ಕೂಡಲೇ ಬೆಂದು ಅವು ಬಿಡಿಬಿಡಿಯಾಗಿ ಉಳಿಯುತ್ತವೆ. ಬಿಡಿಬಿಡಿಯಾದ ಓಟ್ಸ್ ಉಪ್ಪಿಟ್ಟಿಗೆ ಅದು ಸರಿ. ಗಂಜಿಗೆ ಬೇಕಾದದ್ದು ಅದರ ತಿರುವುಮುರುವು. ತಣ್ಣೀರಿನಿಂದ ಹೊರಟು ನಿಧಾನವಾಗಿ ಬಿಸಿಯೇರಿದರೆ ಪಿಷ್ಟಕ್ಕೂ ನಾರಿನಂಶಕ್ಕೂ ನೀರಿಗೆ ಇಳಿಯಲು ಸಮಯ ಸಿಗುತ್ತದೆ. ಸಾಧ್ಯವಿದ್ದರೆ ಒಲೆ ಹಚ್ಚುವ ಮೊದಲು ಹತ್ತು ನಿಮಿಷ ಹಾಗೆಯೇ ನೆನೆಯಲು ಬಿಡಿ, ಅಷ್ಟರಲ್ಲಿ ಹಾಲು ಕಾಯಿಸಿಕೊಳ್ಳಬಹುದು. ರಾಗಿ ಗಂಜಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುವ ನಮ್ಮ ಹೆಂಗಸರಿಗೆ ಈ ಕ್ರಮ ಹೊಸದೇನೂ ಅಲ್ಲ. ಅಲ್ಲಿ ಅದು ಗಂಟಾಗದಿರಲಿ ಎಂದು, ಇಲ್ಲಿ ಕೆನೆ ಬಿಡಲಿ ಎಂದು.

ಮಧ್ಯಮ ಉರಿಯಲ್ಲಿ ಇಟ್ಟು, ಒಂದು ಚಿಟಿಕೆ ಉಪ್ಪು ಹಾಕಿ, ಮರದ ಸೌಟಿನಿಂದ ಒಮ್ಮೆ ತಳದವರೆಗೆ ತಿರುವಿ. ನಾಲ್ಕೈದು ನಿಮಿಷದಲ್ಲಿ ಪಾತ್ರೆಯ ಅಂಚಿನ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಆ ಹೊತ್ತಿಗೆ ಸೌಟೆತ್ತಿ ನೋಡಿದರೆ ನೀರು ಬೇರೆ, ಎಸಳು ಬೇರೆಯಾಗಿ ಜಾರುವುದು ಕಾಣುತ್ತದೆ, ಗಾಬರಿ ಬೇಡ. ಉರಿಯನ್ನು ಪೂರ್ತಿ ಸಣ್ಣದು ಮಾಡಿ. ಇಲ್ಲಿಂದ ಆರೇಳು ನಿಮಿಷ ಗಂಜಿ ಕುದಿದು ಎಗರಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದು ಒಡೆಯುತ್ತಿರಬೇಕು, ಅಷ್ಟೇ. ನಿಮಿಷಕ್ಕೊಮ್ಮೆ, ತಳವನ್ನೂ ಅಂಚನ್ನೂ ಸವರುವಂತೆ, ನಿಧಾನವಾಗಿ ತಿರುವಿ. ತಿರುವದೆ ಬಿಟ್ಟರೆ ಮೇಲೆ ನೀರು ನಿಂತು ಕೆಳಗೆ ಗಟ್ಟಿಯಾಗುತ್ತದೆ. ಬಿಡದೆ ಜೋರಾಗಿ ಕಡೆದರೆ ಮೆತ್ತಗಾದ ಎಸಳುಗಳು ಮುರಿದು ಮತ್ತೆ ನಿಮ್ಮ ಮಿಕ್ಸಿಯ ಕಥೆಯೇ ಆಗುತ್ತದೆ. ಸ್ಕಾಟ್ಲೆಂಡಿನವರು ಇದಕ್ಕೆಂದೇ ‘ಸ್ಪರ್ಟಲ್’ ಎಂಬ ಉರುಟಾದ ಮರದ ಕೋಲನ್ನು ಬಳಸುತ್ತಾರೆ; ಮೇಲೆ ಹೇಳಿದ ಸ್ಪರ್ಧೆಗೆ ಆ ಹೆಸರು ಬಂದದ್ದೂ ಅದರಿಂದಲೇ. ಮುದ್ದೆ ತಿರುವುವ ಕೋಲನ್ನು ಸಣ್ಣದು ಮಾಡಿದರೆ ಹೇಗಿರುತ್ತದೋ ಹಾಗೆಯೇ ಕಾಣುತ್ತದೆ. ಚಪ್ಪಟೆ ಸೌಟು ಎಸಳುಗಳನ್ನು ಒತ್ತಿ ಅರೆಯುತ್ತದೆ, ಉರುಟು ಕೋಲು ಅವುಗಳ ನಡುವೆ ಹಾದುಹೋಗುತ್ತದೆ. ಮನೆಯಲ್ಲಿ ಮರದ ಸೌಟಿದ್ದರೆ ಅದರ ಹಿಡಿಯ ತುದಿಯಿಂದಲೇ ತಿರುವಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಆರನೆಯ ನಿಮಿಷದ ಹೊತ್ತಿಗೆ ಗುಳ್ಳೆಗಳ ಸ್ವಭಾವ ಬದಲಾಗುತ್ತದೆ. ಮೊದಲು ಚುರುಕಾಗಿ ಒಡೆಯುತ್ತಿದ್ದವು ಈಗ ದೊಡ್ಡದಾಗಿ, ಸೋಮಾರಿಯಾಗಿ ಎದ್ದು, ಒಡೆದ ಜಾಗದಲ್ಲಿ ಕ್ಷಣಕಾಲ ಗುಳಿ ಉಳಿಸಿಹೋಗುತ್ತವೆ. ನೀರಿನ ಬಣ್ಣ ಹೋಗಿ ಹಾಲುಬಿಳುಪು ಬಂದಿರುತ್ತದೆ, ಇನ್ನೂ ಒಂದು ಹನಿ ಹಾಲು ಬಿದ್ದಿರುವುದಿಲ್ಲ. ಈ ಘಟ್ಟದಲ್ಲಿ ಕಾಯಿಸಿದ ಬಿಸಿ ಹಾಲನ್ನು ಎರಡು ಮೂರು ಸಲವಾಗಿ ಸೇರಿಸುತ್ತ, ಪ್ರತಿಸಲವೂ ಅದು ಪೂರ್ತಿ ಬೆರೆಯುವವರೆಗೆ ತಿರುವುತ್ತ, ಇನ್ನೆರಡು ಮೂರು ನಿಮಿಷ ಬೇಯಿಸಿ. ಫ್ರಿಜ್ಜಿನಿಂದ ತೆಗೆದ ಹಾಲನ್ನು ನೇರವಾಗಿ ಸುರಿದರೆ ಪಾತ್ರೆಯ ಬಿಸಿ ಇಳಿದು ಮತ್ತೆ ಏರುವವರೆಗೆ ಅನಾವಶ್ಯಕವಾಗಿ ಬೇಯಿಸಬೇಕಾಗುತ್ತದೆ. ನೀವು ಪೂರ್ತಿ ಹಾಲಿನಲ್ಲಿ ಮಾಡಿದಾಗ ತಳ ಹಿಡಿದದ್ದಕ್ಕೆ ಕಾರಣ ಸರಳ: ಹಾಲಿನ ಪ್ರೋಟೀನ್ ಮತ್ತು ಸಕ್ಕರೆಯಂಶ ತಳದಲ್ಲಿ ಕೂತು ಸೀಯುತ್ತವೆ, ಮೇಲೆ ಮಂದವಾದ ಗಂಜಿ ಇದ್ದಾಗ ಕೆಳಗಿನ ಬಿಸಿ ಮೇಲಕ್ಕೆ ಹರಿಯುವುದಿಲ್ಲ. ಜೊತೆಗೆ ಹಾಲಿನಲ್ಲಿರುವ ನೀರೆಲ್ಲ ಓಟ್ಸಿಗೆ ಸುಲಭವಾಗಿ ಸಿಗುವುದೂ ಇಲ್ಲ, ಹಾಗಾಗಿ ಎಸಳು ಬೇಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ತಳ ಹಿಡಿಯಲು ಅಷ್ಟೇ ಹೆಚ್ಚು ಅವಕಾಶವಾಗುತ್ತದೆ. ನೀರಿನಲ್ಲಿ ಬೇಯಿಸಿ ಹಾಲಿನಲ್ಲಿ ಮುಗಿಸುವುದೇ ನನ್ನ ಅನುಭವದಲ್ಲಿ ಸರಿಯಾದ ದಾರಿ. ರುಚಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ, ಓಟ್ಸಿನ ಪರಿಮಳ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಯಾವಾಗ ಇಳಿಸಬೇಕು ಎಂಬಲ್ಲಿಯೇ ಹೆಚ್ಚಿನವರ ಗಂಜಿ ಕೆಡುವುದು, ನಿಮ್ಮ ಮುದ್ದೆಗೂ ಇದೇ ಕಾರಣವಿರಬೇಕು. ಬಟ್ಟಲಿನಲ್ಲಿ ಯಾವ ಹದ ಬೇಕೋ ಅದು ಒಲೆಯ ಮೇಲೇ ಬರುವವರೆಗೆ ಕಾಯಬಾರದು. ಇಳಿಸಿದ ಮೇಲೂ ಎಸಳುಗಳು ನೀರು ಎಳೆದುಕೊಳ್ಳುತ್ತಲೇ ಇರುತ್ತವೆ, ತಣಿದಂತೆ ಪಿಷ್ಟವೂ ಬಿಗಿಯುತ್ತದೆ. ದೋಸೆ ಹಿಟ್ಟಿನ ಹದದಲ್ಲಿದ್ದಾಗ ಒಲೆ ಆರಿಸಿ, ಮುಚ್ಚಳ ಮುಚ್ಚಿ ಮೂರರಿಂದ ಐದು ನಿಮಿಷ ಬಿಡಿ. ಮುಚ್ಚಳ ತೆಗೆಯುವಾಗ ಇಡ್ಲಿ ಹಿಟ್ಟಿನ ಹದಕ್ಕೆ ಬಂದಿರುತ್ತದೆ. ಸೌಟಿನ ಬೆನ್ನ ಮೇಲೆ ತೆಳುವಾಗಿ ಹತ್ತಿಕೊಂಡ ಗಂಜಿಯ ನಡುವೆ ಬೆರಳಿನಿಂದ ಗೆರೆ ಎಳೆದರೆ ಆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು, ಅದೇ ಒಲೆ ಆರಿಸುವ ಗುರುತು. ಈ ಮುಚ್ಚಿಡುವ ಹೊತ್ತನ್ನು ದಯವಿಟ್ಟು ಬಿಡಬೇಡಿ. ಒಲೆಯಿಂದ ನೇರವಾಗಿ ಬಟ್ಟಲಿಗೆ ಬಿದ್ದ ಗಂಜಿಯಲ್ಲಿ ಎಸಳೂ ದ್ರವವೂ ಇನ್ನೂ ಬೇರೆಬೇರೆಯಾಗಿಯೇ ಇರುತ್ತವೆ. ಅಷ್ಟಾದ ಮೇಲೂ ಗಟ್ಟಿ ಎನಿಸಿದರೆ ಎರಡು ಚಮಚ ಕುದಿನೀರು ಅಥವಾ ಬಿಸಿ ಹಾಲು ಸೇರಿಸಿ ತಿರುವಿ. ತಣ್ಣೀರು ಸರಿಯಾಗಿ ಬೆರೆಯುವುದಿಲ್ಲ. ಕೊನೆಗೆ ಒಂದು ಸಣ್ಣ ಚಮಚ ತುಪ್ಪವನ್ನೋ ಬೆಣ್ಣೆಯನ್ನೋ ಹಾಕಿದರೆ ನುಣುಪು ಹೆಚ್ಚುತ್ತದೆ. ಹೋಟೆಲಿನಲ್ಲಿ ನೀವು ಕಂಡ ಹೊಳಪು ಇದರಿಂದಲೇ ಬಂದಿರಬಹುದು.

ಓಟ್ಸನ್ನು ಮೊದಲು ಹುರಿಯಬೇಕೇ ಎಂಬ ಪ್ರಶ್ನೆ ನಿಮ್ಮದಲ್ಲವಾದರೂ ಅನೇಕರು ಕೇಳುವಂಥದ್ದು. ಉಪ್ಪಿಟ್ಟಿನ ರವೆಯನ್ನು ಹುರಿಯುವುದು ಅದು ಅಂಟಿಕೊಳ್ಳದೆ ಉದುರುದುರಾಗಿ ಬರಲಿ ಎಂದು. ಓಟ್ಸಿನಲ್ಲೂ ಹುರಿಯುವುದರ ಫಲ ಅದೇ. ತುಪ್ಪದಲ್ಲಿ ಮೂರು ನಿಮಿಷ ಹುರಿದರೆ ಅಡುಗೆಮನೆ ತುಂಬ ಹಿತವಾದ ಪರಿಮಳ ಬರುತ್ತದೆ ನಿಜ, ಆದರೆ ಕೆನೆ ಕಡಿಮೆಯಾಗುತ್ತದೆ. ನಾನು ಮಾಡುವುದು ಹೀಗೆ: ಅಳೆದ ಓಟ್ಸಿನಲ್ಲಿ ಅರ್ಧವನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವ ಮೊದಲೇ ಇಳಿಸಿ, ಆರಿದ ಮೇಲೆ ಹುರಿಯದ ಅರ್ಧದೊಂದಿಗೆ ಸೇರಿಸಿ ತಣ್ಣೀರಿಗೆ ಹಾಕುತ್ತೇನೆ. ಪರಿಮಳ ಒಂದರಿಂದ, ಕೆನೆ ಇನ್ನೊಂದರಿಂದ.

ಬೆಲ್ಲದ ವಿಷಯ. ಬೆಲ್ಲದಲ್ಲಿ ಸ್ವಲ್ಪ ಹುಳಿಯಂಶವೂ ಲವಣಗಳೂ ಇರುವುದರಿಂದ ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಪಾಯಸ ಮಾಡುವವರಿಗೆಲ್ಲ ಇದು ಗೊತ್ತು. ಪಾಯಸಕ್ಕೆ ಮಾಡುವ ಉಪಾಯವನ್ನೇ ಇಲ್ಲಿಯೂ ಮಾಡಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಆರಲು ಬಿಡಿ. ಗಂಜಿ ಒಲೆಯಿಂದ ಇಳಿದು, ಮುಚ್ಚಳದಡಿಯಲ್ಲಿ ಐದು ನಿಮಿಷ ಕೂತು, ಉಣ್ಣುವ ಬಿಸಿಗೆ ಬಂದ ಮೇಲೆ ಬಟ್ಟಲಿನಲ್ಲಿಯೇ ಬೆರೆಸಿ. ಮೊದಲೇ ಬೆಲ್ಲವನ್ನೋ ಸಕ್ಕರೆಯನ್ನೋ ಹಾಕದಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಸಿಹಿ ನೀರನ್ನು ತನ್ನತ್ತ ಹಿಡಿದಿಟ್ಟುಕೊಳ್ಳುವುದರಿಂದ ಪಿಷ್ಟ ಉಬ್ಬುವುದು ತಡವಾಗುತ್ತದೆ. ಕರಾವಳಿಯವರು ಹಸುವಿನ ಹಾಲಿನ ಬದಲು ತೆಂಗಿನಹಾಲು ಬಳಸುವುದಾದರೆ ನೀರಿನ ಜಾಗದಲ್ಲಿ ಎರಡನೆಯ ಹಾಲು, ಒಲೆ ಆರಿಸಿದ ಮೇಲೆ ಮೊದಲನೆಯ ಗಟ್ಟಿ ಹಾಲು. ಗಟ್ಟಿ ಹಾಲನ್ನು ಕುದಿಸಿದರೆ ಅದೂ ಒಡೆದು ಎಣ್ಣೆ ಬಿಡುತ್ತದೆ. ಬೆಲ್ಲ ಮತ್ತು ತೆಂಗಿನಹಾಲು ಜೊತೆಯಾದ, ಒಂದು ಚೂರು ಏಲಕ್ಕಿ ಬಿದ್ದ ಓಟ್ಸ್ ಗಂಜಿ ನನಗೆ ಹಾಲಿನ ಗಂಜಿಗಿಂತ ಹೆಚ್ಚು ಪ್ರಿಯ. ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣನ್ನು ಕಿವುಚಿ ಬೆರೆಸಿದರೆ ಬೆಲ್ಲವೇ ಬೇಕಾಗುವುದಿಲ್ಲ.

ಸ್ಟೀಲ್ ಕಟ್ ಓಟ್ಸ್ ಸಿಕ್ಕರೆ ಕ್ರಮ ಸ್ವಲ್ಪ ಬೇರೆ. ಒಂದು ಪಾಲಿಗೆ ನಾಲ್ಕು ಪಾಲು ದ್ರವ ಬೇಕು, ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ ಬೇಕು. ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಅದೇ ನೀರಿನೊಂದಿಗೆ ಒಲೆಗಿಟ್ಟರೆ ಈ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನೆನೆಸಿದ ನೀರನ್ನು ಚೆಲ್ಲಬೇಡಿ, ಕೆನೆಯ ಮೊದಲ ಪಾಲು ಅದರಲ್ಲೇ ಇರುತ್ತದೆ. ಕುಕ್ಕರಿನಲ್ಲಿ ಮಾಡುವುದಾದರೆ ಓಟ್ಸನ್ನು ನೇರವಾಗಿ ಕುಕ್ಕರಿಗೆ ಹಾಕಬಾರದು. ಓಟ್ಸ್ ನೊರೆ ಬಂದು ಉಕ್ಕುವ ಧಾನ್ಯ, ನೊರೆ ವಿಷಲ್ ಕೂರುವ ಕೊಳವೆಗೆ ಹೊಕ್ಕು ಕಟ್ಟಿಕೊಂಡರೆ ಅಪಾಯ. ಕುಕ್ಕರಿನ ತಳದಲ್ಲಿ ನೀರಿಟ್ಟು, ಒಳಗಿನ ಪಾತ್ರೆಯಲ್ಲಿ ಅರ್ಧಕ್ಕಿಂತ ಮೇಲೆ ಬಾರದಂತೆ ನೀರು ಮತ್ತು ಓಟ್ಸ್ ಹಾಕಿ, ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟು, ಒತ್ತಡ ತಾನಾಗಿ ಇಳಿಯುವವರೆಗೆ ಕಾದು, ಆಮೇಲೆ ಹಾಲು ಸೇರಿಸಿ ಒಲೆಯ ಮೇಲೆ ತಿರುವಿ ಹದಕ್ಕೆ ತನ್ನಿ. ಮಡಿಕೇರಿಯಂಥ ಎತ್ತರದ ಊರುಗಳಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಸ್ಟೀಲ್ ಕಟ್ ಬೇಯಲು ಇನ್ನೂ ಕೆಲವು ನಿಮಿಷ ಹಿಡಿಯುತ್ತದೆ. ಅಲ್ಲಿಯ ಓದುಗರು ನೀರನ್ನೂ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಮೈಕ್ರೋವೇವ್ ಬಳಸುವವರಿಗೆ ಒಂದೇ ಮಾತು: ಆಳವಾದ ಬಟ್ಟಲು, ಅರ್ಧ ಶಕ್ತಿ, ನಿಮಿಷಕ್ಕೊಮ್ಮೆ ತೆಗೆದು ತಿರುವುವುದು.

ನಿಮ್ಮ ಮಾವನವರ ಪ್ರಶ್ನೆಗೆ ಬರುತ್ತೇನೆ. ಗಂಜಿಯನ್ನು ಕೆನೆಯಾಗಿಸುವ ಬೀಟಾ ಗ್ಲುಕಾನ್ ಎಂಬ ನಾರಿನಂಶವೇ ಓಟ್ಸಿಗೆ ಆರೋಗ್ಯದ ಹೆಸರು ತಂದುಕೊಟ್ಟದ್ದು. ಕೊಬ್ಬು ಮಿತವಾಗಿರುವ ಊಟದ ಜೊತೆಗೆ ದಿನಕ್ಕೆ 3 ಗ್ರಾಂ ಇದು ಸೇರಿದರೆ ಹೃದ್ರೋಗದ ಅಪಾಯ ಕಡಿಮೆಯಾಗಬಹುದು ಎಂದು ಓಟ್ಸ್ ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಅನುಮತಿ ಕೊಟ್ಟಿತು. 40 ಗ್ರಾಂ ಓಟ್ಸಿನಲ್ಲಿ ಅದು ಸುಮಾರು ಒಂದೂವರೆ ಗ್ರಾಂ ಇರುತ್ತದೆ. ಹೊಟ್ಟೆಯಲ್ಲಿ ಇದು ಮಂದವಾದ ದ್ರವವಾಗಿ, ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರುವುದನ್ನು ನಿಧಾನವಾಗಿಸುತ್ತದೆ. ಆದರೆ ಓಟ್ಸ್ ಕೂಡ ಧಾನ್ಯವೇ, ಅದರಲ್ಲಿರುವ ಪಿಷ್ಟವೂ ಸಕ್ಕರೆಯೇ ಆಗುತ್ತದೆ ಎಂಬುದನ್ನು ಮರೆಯಬಾರದು. ಇನ್‌ಸ್ಟೆಂಟ್ ಓಟ್ಸ್ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ, ಸ್ಟೀಲ್ ಕಟ್ ನಿಧಾನ, ದಪ್ಪ ರೋಲ್ಡ್ ಓಟ್ಸ್ ಇವೆರಡರ ನಡುವೆ. ಆದ್ದರಿಂದ ಅವರಿಗೆ ಸ್ಟೀಲ್ ಕಟ್ ಅಥವಾ ರೋಲ್ಡ್ ಓಟ್ಸ್, ಅಳೆದು 40 ಗ್ರಾಂ, ಎಸಳು ಪೂರ್ತಿ ಕರಗುವಷ್ಟು ಬೇಯಿಸದೆ ಕೊಡಬಹುದು. ಬೆಲ್ಲ ಸಕ್ಕರೆಗಿಂತ ನಿರಪಾಯ ಎಂಬ ಮಾತು ಸಕ್ಕರೆ ಕಾಯಿಲೆಯವರಿಗೆ ಅನ್ವಯಿಸುವುದಿಲ್ಲ. ಅವರ ಬಟ್ಟಲಿಗೆ ಬೆಲ್ಲವೂ ಬೇಡ, ಖರ್ಜೂರವೂ ಬೇಡ. ತಿಂದ ಎರಡು ಗಂಟೆಯ ನಂತರ ಒಂದೆರಡು ದಿನ ರಕ್ತದ ಸಕ್ಕರೆ ಪರೀಕ್ಷಿಸಿ ನೋಡಿ, ಆ ಅಂಕಿಗಳನ್ನು ಅವರ ವೈದ್ಯರಿಗೆ ತೋರಿಸಿ ಪ್ರಮಾಣವನ್ನು ನಿರ್ಧರಿಸುವುದು ಸರಿಯಾದ ಕ್ರಮ.

ಹಿರಿಯರಿಗೆ ಸಿಹಿಯಿಲ್ಲದ ಹಾಲಿನ ಗಂಜಿ ರುಚಿಸದೆ ಹೋಗಬಹುದು. ಅಂಬಲಿ ಕುಡಿದು ಬೆಳೆದವರಾದರೆ ಈ ರೀತಿ ಮಾಡಿಕೊಡಿ. ಓಟ್ಸನ್ನು ಬರೀ ನೀರಿನಲ್ಲಿ, ಒಂದಕ್ಕೆ ಮೂರರ ಅಳತೆಯಲ್ಲಿ, ಮೇಲೆ ಹೇಳಿದಂತೆಯೇ ಬೇಯಿಸಿ, ಮುಚ್ಚಿಟ್ಟು, ಕೈಗೆ ಬೆಚ್ಚಗೆನಿಸುವವರೆಗೆ ಆರಲು ಬಿಡಿ. ಬಿಸಿಯಿರುವಾಗ ಮಜ್ಜಿಗೆ ಬಿದ್ದರೆ ಒಡೆದು ನೀರಾಗುತ್ತದೆ, ಅದಕ್ಕಾಗಿ ಆರಲೇಬೇಕು. ಆಮೇಲೆ ಹುಳಿಯಿಲ್ಲದ ಮಜ್ಜಿಗೆ ಒಂದು ಲೋಟ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಬೆರೆಸಿ, ಅರ್ಧ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಸೀಳಿದ ಹಸಿಮೆಣಸಿನ ಒಗ್ಗರಣೆ ಕೊಡಿ. ಈ ಮಜ್ಜಿಗೆ ಗಂಜಿಯಲ್ಲಿ ಓಟ್ಸಿನ ಕೆನೆ ಹಾಲಿನ ಗಂಜಿಗಿಂತಲೂ ಚೆನ್ನಾಗಿ ನಾಲಗೆಗೆ ಸಿಗುತ್ತದೆ, ದಾವಣಗೆರೆಯ ಬಿಸಿಲಿಗೂ ಹಿತ.

ಕೊನೆಯದಾಗಿ ಡಬ್ಬಿಯ ವಿಷಯ, ಏಕೆಂದರೆ ಹಳಸಿದ ಓಟ್ಸಿನಿಂದ ಎಷ್ಟು ಎಚ್ಚರಿಕೆಯಿಂದ ಮಾಡಿದರೂ ಗಂಜಿ ಚೆನ್ನಾಗಿ ಬರದು. ಗೋಧಿ, ಅಕ್ಕಿಗಿಂತ ಓಟ್ಸಿನಲ್ಲಿ ಕೊಬ್ಬು ಹೆಚ್ಚು, ಜೊತೆಗೆ ಆ ಕೊಬ್ಬನ್ನು ಒಡೆದು ಕಹಿಯಾಗಿಸುವ ಕಿಣ್ವವೂ ಇದೆ. ಆ ಕಿಣ್ವವನ್ನು ನಿಷ್ಕ್ರಿಯಗೊಳಿಸಲೆಂದೇ ಗಿರಣಿಯಲ್ಲಿ ಕಾಳನ್ನು ಹಬೆಯಲ್ಲಿ ಬಿಸಿ ಮಾಡುತ್ತಾರೆ, ಆದರೂ ಗಾಳಿ ಮತ್ತು ತೇವ ತಾಕುತ್ತಿದ್ದರೆ ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಪೊಟ್ಟಣ ಒಡೆದ ದಿನವೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಲೆಯ ಪಕ್ಕದಲ್ಲಿಡದೆ ತಂಪಾದ ಕಡೆ ಇಡಿ, ಒಂದೆರಡು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ಮಾಡಿದ ಗಂಜಿ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಲಿ. ಮರುದಿನ ಅದು ಕತ್ತರಿಸಿದರೆ ತುಂಡಾಗುವಷ್ಟು ಗಟ್ಟಿಯಾಗಿರುತ್ತದೆ. ಹಿಂದೆ ಸ್ಕಾಟ್ಲೆಂಡಿನಲ್ಲಿ ಗಂಜಿಯನ್ನು ಮರದ ಖಾನೆಗೆ ಸುರಿದು, ಗಟ್ಟಿಯಾದ ಮೇಲೆ ತುಂಡು ಮಾಡಿ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದರೆಂದು ಹೇಳುತ್ತಾರೆ. ನೀವು ಅದನ್ನು ಮೊದಲು ಫೋರ್ಕಿನಿಂದ ಪುಡಿ ಮಾಡಿ, ಅರ್ಧ ಲೋಟ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಗಂಟೊಡೆಯುವವರೆಗೆ ತಿರುವಿ, ಆಮೇಲೆ ಹಾಲು ಸೇರಿಸಿದರೆ ಐದು ನಿಮಿಷದಲ್ಲಿ ಮತ್ತೆ ಹದಕ್ಕೆ ಬರುತ್ತದೆ. ಪಾತ್ರೆಯನ್ನು ಖಾಲಿಯಾದ ಕೂಡಲೇ ತಣ್ಣೀರಿನಲ್ಲಿ ನೆನೆಹಾಕಿ. ಒಣಗಲು ಬಿಟ್ಟರೆ ತಿಕ್ಕುವವರಿಗೆ ಕಷ್ಟ.